ಚಿಕ್ಕಪ್ಪನ ಬಣ್ಣ ಕ್ಲೌಡಿಗೆ ಹೋದ ಕಥೆ

ಕೆಲವು ತಿಂಗಳ ಹಿಂದೆ ಸೇಲಂನಿಂದ ನನ್ನ ಫೋನಿಗೊಂದು ಲಿಂಕ್ ಬಂತು. ಒತ್ತಿದೆ. ‘ನಿಮಗೆ ಇದನ್ನು ನೋಡುವ ಅನುಮತಿ ಇಲ್ಲ, ಬೇಕಿದ್ದರೆ ಕೇಳಿಕೊಳ್ಳಿ’ ಅಂತು ಪರದೆ.

ಒಳಗೆ ಇದ್ದದ್ದು ಏನು ಅಂದುಕೊಂಡಿರಿ? ಬ್ಯಾಂಕಿನ ಗುಟ್ಟಲ್ಲ, ಸರ್ಕಾರದ ಕಡತವಲ್ಲ. ನಮ್ಮ ಚೌಡಪ್ಪ ಚಿಕ್ಕಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಾ ಮಾತಾಡಿದ ಒಂದು ವಿಡಿಯೋ! ನನ್ನನ್ನು ಹೆಗಲ ಮೇಲೆ ಹೊತ್ತು ಸೇಲಂ ಪೇಟೆ ಸುತ್ತಿಸಿದ ಚಿಕ್ಕಪ್ಪ. ಅವರ ಮಾತು ಕೇಳಲು ನಾನು ಅರ್ಜಿ ಹಾಕಬೇಕೇ?

ಸಿಟ್ಟು ಬಂತು. ಲಿಂಕ್ ಕಳಿಸಿದ ವಸಂತಿಗೇ ಫೋನ್ ಮಾಡಿದೆ. ವಸಂತಿ ಚಿಕ್ಕಪ್ಪನ ಸೊಸೆ, ಅಂದರೆ ಅವರ ಮಗ, ನನಗೆ ತಮ್ಮನಾಗಬೇಕಾದ ಮುರುಗೇಶನ ಹೆಂಡತಿ. ಅಲ್ಲಿನ ನೇಕಾರರ ಸಂಘದಲ್ಲಿ ಗುಮಾಸ್ತೆ.

“ಬೇಜಾರ್ ಮಾಡ್ಕಬ್ಯಾಡಿ ಅಕ್ಕಾ. ನೀವು ಸಂಘದ ಮೆಂಬರ್ ಅಲ್ವಲ್ಲ. ರೂಲ್ಸ್ ಅಂದ್ರೆ ರೂಲ್ಸ್. ಒಂದು ನಿಮ್ಸ ಇರಿ, ಪರ್ಮಿಷನ್ ಕೊಡ್ತೀನಿ” ಅಂದಳು.

ಕೊಟ್ಟಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: “ಅಕ್ಕಾ, ಅರಕ್ಕು ಬತ್ತಾ ಇಲ್ಲ.”

ಅರಕ್ಕು ಅಂದರೆ ನೀವು ಮರೂನ್ ಅನ್ನುತ್ತೀರಲ್ಲ, ಅದರ ಅಕ್ಕ. ಇನ್ನೂ ಗಾಢ, ಇನ್ನೂ ಗಂಭೀರ. ಚಿಕ್ಕಪ್ಪನ ಅರಕ್ಕು ಅಂದರೆ ಸೇಲಂನ ನಮ್ಮ ಬೀದಿಗಳಲ್ಲಿ ಹೆಸರುವಾಸಿ. ಆ ಬಣ್ಣ ಬರುತ್ತಿಲ್ಲ ಅಂದಾಗ ನಾನು ಗಾಬರಿಯಾದದ್ದಕ್ಕೆ ಕಾರಣವಿತ್ತು. ಆ ಸೀರೆಗಳ ಆರ್ಡರ್ ಕೊಡಿಸಿದವಳೇ ನಾನು.

ಮೈಸೂರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ನನ್ನ ಗೆಳತಿಗೆ ಒಂದು ಮಹಿಳಾ ಸಮಾಜದವರು ಹೇಳಿದ್ದರು: ನಮ್ಮ ಬೆಳ್ಳಿಹಬ್ಬಕ್ಕೆ ಎಲ್ಲರಿಗೂ ಒಂದೇ ಬಣ್ಣದ ರೇಷ್ಮೆ ಸೀರೆ ಬೇಕು. ನಾನು ಗೆಳತಿಗೆ ಸೇಲಂ ದಾರಿ ತೋರಿಸಿದೆ. ಅರ್ಧ ಸೀರೆಗಳು ನೇಯ್ದು ಬಂದೂ ಆಗಿದ್ದವು. ಹೆಂಗಸರು ಮುಟ್ಟಿ ಮುಟ್ಟಿ ನೋಡಿ ಒಪ್ಪಿದ್ದರು. ಉಳಿದರ್ಧದ ನೂಲಿಗೆ ಬಣ್ಣ ಹಾಕುವ ಮೊದಲೇ ಚಿಕ್ಕಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು. ಮಾತು ಪೂರಾ ಹೋಯಿತು.

ಈಗ ಹೇಳಿ. ವೇದಿಕೆ ಮೇಲೆ ಅರ್ಧ ಹೆಂಗಸರು ಅರಕ್ಕು, ಇನ್ನರ್ಧ ಇನ್ನೇನೋ ಬಣ್ಣ ಉಟ್ಟು ನಿಂತರೆ? ನನ್ನ ಗೆಳತಿ ಅಂಗಡಿ ಬಾಗಿಲು ತೆಗೆಯುವುದು ಹೇಗೆ? ಸಂಘಕ್ಕೆ ಮೈಸೂರಿನಿಂದ ಮತ್ತೊಂದು ಆರ್ಡರ್ ಬರುವುದು ಹೇಗೆ?

ವಿಡಿಯೋ ನೋಡಿದೆ. ಹೊಸ ಷರಟು ಹಾಕಿಕೊಂಡು, ಮದುವೆ ಗಂಡಿನ ಹಾಗೆ ನಿಂತು, ಚಿಕ್ಕಪ್ಪ ಹಂಡೆಯ ನೀರು ಎಷ್ಟು ಬಿಸಿ ಇರಬೇಕು, ನೂಲಿನ ಕಟ್ಟು, ಅಂದರೆ ಲಡಿ, ಹೇಗೆ ತಿರುವಬೇಕು, ಯಾವಾಗ ಆರಲು ಬಿಡಬೇಕು, ಎಲ್ಲ ಹೇಳುತ್ತಾರೆ. ತಿರುತಿರುಗಿ ನೋಡಿದೆ. ನನಗೇನೂ ಹೊಳೆಯಲಿಲ್ಲ. ಬ್ಯಾಗಿಗೆ ನನ್ನೆರಡು ಸೀರೆ, ಜೊತೆಗೆ ಹೋಲಿಸಿ ನೋಡಲು ಗೆಳತಿಯ ಅಂಗಡಿಯಿಂದ ಒಂದು ಅರಕ್ಕು ಸೀರೆ ತುರುಕಿ ಸೇಲಂಗೆ ಹೊರಟೆ.

* * *

ಹೋಗುವ ದಾರಿಯಲ್ಲಿ ಈ ವಿಡಿಯೋ ಹುಟ್ಟಿದ್ದು ಹೇಗೆ ಎಂದು ಹೇಳಿಬಿಡುತ್ತೇನೆ.

ಸೇಲಂನಲ್ಲಿ ಕನ್ನಡ ಮಾತಾಡುವ ನೇಕಾರರ ಬೀದಿಗಳಿವೆ ಅಂದರೆ ಮೈಸೂರಿನಲ್ಲಿ ಎಷ್ಟೋ ಜನ ಈಗಲೂ ‘ಹೌದಾ?’ ಅಂತ ಹುಬ್ಬೇರಿಸುತ್ತಾರೆ. ಹೌದು ಮಾರಾಯರೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು, ಆಫೀಸಿಗೆ ಹೋದರೆ ಇಂಗ್ಲಿಷ್. (ನಾನು ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ನನ್ನ ಕಾಗುಣಿತ ತಿದ್ದುವ ಸಂಪಾದಕರಿಗೆ ಅದು ಚೆನ್ನಾಗಿ ಗೊತ್ತು.)

ಸಂಘದ ಮಗ್ಗಗಳು ಒಂದೇ ಕಡೆ ಇಲ್ಲ. ಒಂದಷ್ಟು ಸೇಲಂ ಬೀದಿಗಳಲ್ಲಿ, ಒಂದಷ್ಟು ಓಮಲೂರು ದಾಟಿ ಕಡಯಂಪಟ್ಟಿ ಕಡೆ. ಒಬ್ಬನಿಗೆ ಅಂಚಿನ ಡಿಸೈನ್ ಗೊತ್ತು, ಇನ್ನೊಬ್ಬನಿಗೆ ಮಗ್ಗ ರಿಪೇರಿ ಗೊತ್ತು, ಮತ್ತೊಬ್ಬನಿಗೆ ಬಣ್ಣ ಗೊತ್ತು. ಎಲ್ಲ ಅವರವರ ತಲೆಯಲ್ಲಿ. ಬೇಕಾದವರು ಬಸ್ಸು ಹತ್ತಿ ಹೋಗಿ ಕೇಳಬೇಕು. ಅವರು ಮನೆಯಲ್ಲಿರಬೇಕು. ಮನೆಯಲ್ಲಿದ್ದರೂ ಮನಸ್ಸಿರಬೇಕು.

ಸಂಘದ ಆಫೀಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರಲ್ಲಿ ಡಿಸೈನುಗಳಿದ್ದವು. ಒಂದು ದಿನ ಅದು ಕಣ್ಣು ಮುಚ್ಚಿತು. ಜೊತೆಗೆ ಡಿಸೈನುಗಳೂ ಹೋದವು. ವಸಂತಿ ಆವತ್ತು ಅತ್ತಳಂತೆ. ಕಣ್ಣೊರೆಸಿಕೊಂಡು ಮಾಡಿದ ಮೊದಲ ಕೆಲಸ, ಸಂಘದ ಹೆಸರಿನಲ್ಲಿ ಕ್ಲೌಡಿನಲ್ಲಿ ಒಂದು ಅಕೌಂಟ್ ತೆಗೆದದ್ದು. (ಯಾವ ಕಂಪನಿಯದು ಅಂತ ಕೇಳಬೇಡಿ. ಇದು ಜಾಹೀರಾತಲ್ಲ.)

ನಮ್ಮ ಆಫೀಸುಗಳಲ್ಲಿ ಇಂಥದ್ದು ಶುರುವಾದರೆ ಏನಾಗುತ್ತದೆ? ಮೊದಲು ಒಂದು ಸರ್ಕ್ಯುಲರ್ ಬರುತ್ತದೆ. ಎಲ್ಲರೂ ತಮಗೆ ಗೊತ್ತಿರುವುದನ್ನು ಬರೆದು ಕೊಡತಕ್ಕದ್ದು. ಯಾರೂ ಕೊಡುವುದಿಲ್ಲ. ಅಲ್ಲಿಗೆ ಮುಗಿಯಿತು.

ವಸಂತಿ ಯಾರಿಗೂ ಬರೆಯಲು ಹೇಳಲಿಲ್ಲ. ಫೋನ್ ಹಿಡಿದು ಮಗ್ಗದ ಪಕ್ಕ ಹೋಗಿ ನಿಂತಳು. “ನೀವು ನಿಮ್ ಪಾಡಿಗೆ ಕೆಲ್ಸ ಮಾಡಿ. ಮಾಡ್ತಾ ಮಾಡ್ತಾ ಮಾತಾಡಿ, ಸಾಕು” ಅಂದಳು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ ಅನ್ನುವುದು ಆಕೆಗೆ ಯಾವ ಮ್ಯಾನೇಜ್‌ಮೆಂಟ್ ಕಾಲೇಜು ಹೇಳಿಕೊಟ್ಟಿತ್ತೋ ಕಾಣೆ. ಮಾತೆಲ್ಲ ಕನ್ನಡ. ಫೈಲಿನ ಹೆಸರು ಮಾತ್ರ ತಮಿಳು ಅಕ್ಷರದಲ್ಲಿ, ಯಾಕೆಂದರೆ ಹುಡುಕುವವರಿಗೆ ಓದಲು ಬರುವುದು ಅದೇ. ಮಗ್ಗ ಕೆಟ್ಟರೆ ಯಾವ ಫೈಲು, ಅಂಚು ಎಳೆದರೆ ಯಾವ ಫೈಲು, ಎಲ್ಲಕ್ಕೂ ಹೆಸರಿಟ್ಟಳು. ಯಾರು ಏನು ನೋಡಬಹುದು, ಯಾರು ಏನು ಬದಲಿಸಬಹುದು ಎಂದು ಬೇಲಿ ಹಾಕಿದಳು. ನಾನು ಮುಗ್ಗರಿಸಿದ್ದು ಅದೇ ಬೇಲಿಗೆ.

ಎಲ್ಲರಿಗಿಂತ ಹೆಚ್ಚು ತಕರಾರು ತೆಗೆದವರು ಮನೆಯವರೇ. ಚಿಕ್ಕಪ್ಪ.

“ಅಲ್ಲಮ್ಮಾ, ನಮ್ ಬಣ್ಣ ಎಲ್ಲಾ ತಗೊಂಡೋಗಿ ಮೋಡದಾಗೆ ಇಡ್ತೀಯಾ? ಮಳೆ ಬಂದ್ರೆ ಎಲ್ಲಾರ ಮನೆ ಮ್ಯಾಲೂ ಸುರಿಯಾಕಿಲ್ವಾ?” ಅಂದರಂತೆ.

“ಸುರೀಲಿ ಅಂತಾನೇ ಇಡೋದು ಮಾವ. ಆದ್ರೆ ಸಂಘದ ಮನೆಗಳ ಮ್ಯಾಲೆ ಮಾತ್ರ” ಅಂದಳಂತೆ ಇವಳು.

ಚಿಕ್ಕಪ್ಪನ ತಕರಾರು ನನಗೆ ಅರ್ಥವಾಗುತ್ತದೆ. ಬಣ್ಣ ಕೇಳಿಕೊಂಡು ಬರುವ ಜನ ಅವರ ಜಗಲಿಯ ಮೇಲೆ ಕೂತಿರುತ್ತಿದ್ದರು. ‘ಚೌಡಪ್ಪ ಬರ್ಲಿ, ಚೌಡಪ್ಪ ಹೇಳ್ಲಿ’ ಅಂತ ಕಾಯುತ್ತಿದ್ದರು. ಆ ಕಾಯುವಿಕೆಯೇ ಅವರ ಮರ್ಯಾದೆ. ಗೊತ್ತಿರುವುದನ್ನೆಲ್ಲ ಕೊಟ್ಟುಬಿಟ್ಟರೆ ಜಗಲಿಗೆ ಯಾರು ಬರುತ್ತಾರೆ? ನಮ್ಮ ನಿಮ್ಮ ಆಫೀಸಿನಲ್ಲಿ ಒಂದು ಪಾಸ್‌ವರ್ಡನ್ನು ಎದೆಗವುಚಿಕೊಂಡು ಕೂತವರು ಇಲ್ಲವೇ? ಅವರ ಭಯವೂ ಅದೇ.

ಕೊನೆಗೂ ಒಪ್ಪಿದರು. ಹೊಸ ಷರಟು ಹಾಕಿದರು. ಮಾತಾಡಿದರು.

* * *

ಸೇಲಂನಲ್ಲಿ ಮನೆಗೆ ಹೋಗುವ ಮೊದಲು ಹಿತ್ತಲಿನ ಬಣ್ಣದ ಕೊಟ್ಟಿಗೆಗೇ ಹೋದೆ. ಮುರುಗೇಶ ಹಂಡೆಯ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದ. ಹಗ್ಗದ ಮೇಲೆ ಒದ್ದೆ ಲಡಿಗಳು ತೂಗುತ್ತಿದ್ದವು. ಕೆಂಪು. ಎಂಥ ಕೆಂಪು? ಈಗಷ್ಟೇ ಹಣ್ಣಾದ ಟೊಮೆಟೊ.

“ನೋಡಕ್ಕಾ. ತಕ್ಕಾಳಿ” ಅಂದ. “ಅಪ್ಪ ಏಳಿದಂಗೇ ಮಾಡಿದೀನಿ. ಒಂದೂ ಬಿಟ್ಟಿಲ್ಲ. ಕಡಯಂಪಟ್ಟಿಯಾಗೆ ಪಳನಿ ಅಣ್ಣನೂ ವಿಡಿಯೋ ನೋಡಿ ಮಾಡವ್ನೆ. ಅವ್ನಿಗೂ ತಕ್ಕಾಳಿನೇ ಬಂತು.”

ಪಳನಿ ಸಂಘದ ಇನ್ನೊಬ್ಬ ಬಣ್ಣಗಾರ. ಉಳಿದ ನೂಲಿನಲ್ಲಿ ಅರ್ಧ ಅವನ ಪಾಲಿಗೆ ಹೋಗಿತ್ತು.

“ಸ್ವಲ್ಪ ಕರಿ ಹಾಕಿ ನೋಡಿದ್ಯಾ?”

“ಆಕ್ದೆ. ಕೊಳೆ ಬಟ್ಟೆ ಆಗೋಯ್ತು.”

ನಾನು ತಂದಿದ್ದ ಸೀರೆಯನ್ನು ಲಡಿಯ ಪಕ್ಕ ಹಿಡಿದೆ. ಕುರುಡರಿಗೂ ವ್ಯತ್ಯಾಸ ಕಾಣುತ್ತಿತ್ತು.

ಒಳಗೆ ಚಿಕ್ಕಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಲಕ್ವ ಹೊಡೆದ ಮೇಲೆ ಹೀಗೇ ಅಂತೆ. ಯಾರು ಬಂದರೂ ತಿರುಗುವುದಿಲ್ಲ. ಕೊಟ್ಟಿಗೆ ಕಡೆ ಕಾಲಿಟ್ಟಿಲ್ಲ. ಕಾಫಿ ಬೇಕಾ ಅಂದರೆ ತಲೆಯಾಡಿಸುತ್ತಾರೆ, ಕೊಟ್ಟರೆ ತಳ್ಳುತ್ತಾರೆ. ಹೌದು ಯಾವುದು, ಅಲ್ಲ ಯಾವುದು ಎಂದೇ ಮನೆಯವರಿಗೆ ತಿಳಿಯದು. ನೋಡಲು ಬಂದ ನೆಂಟರು ಅವರೆದುರೇ ‘ಪಾಪ, ಈಗ ಅವ್ರಿಗೆ ಏನೂ ಗೊತ್ತಾಗಲ್ಲ’ ಅಂದುಬಿಟ್ಟು ಹೋಗಿದ್ದರು. ಎಂಥ ಮಾತು! ಹೇಳಲು ಆಗದವನಿಗೆ ಕೇಳಲೂ ಆಗದು ಎಂದು ತೀರ್ಮಾನಿಸಿಬಿಡುವುದು ನಮಗೆ ಎಷ್ಟು ಸುಲಭ ನೋಡಿ.

“ವಿಡಿಯೋನ ಮಾವನ ಮುಂದೇನೇ ಆಕಿ ನೋಡಾಣ” ಅಂದಳು ವಸಂತಿ.

“ಬ್ಯಾಡ” ಅಂದ ಮುರುಗೇಶ. “ಅವ್ರ ಮಾತು ಅವ್ರೇ ಕೇಳಿದ್ರೆ ಒಟ್ಟೆ ಉರಿಯಾಕಿಲ್ವಾ? ನಿಂಗೊಂದು ಕರುಣೆ ಐತಾ?”

ಅವನು ಹೇಳಿದ್ದೂ ನಿಜ. ವಸಂತಿ ನಮ್ಮಿಬ್ಬರನ್ನೂ ಬಿಟ್ಟು ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತಳು. “ಮಾವ, ನಿಮ್ದು ಬಣ್ಣದ ವಿಡಿಯೋ ಐತಲ್ಲ. ನೋಡ್ತೀರಾ? ಬ್ಯಾಡ ಅಂದ್ರೆ ಬ್ಯಾಡ.”

ಚಿಕ್ಕಪ್ಪ ನಿಧಾನವಾಗಿ ಈಚೆ ತಿರುಗಿದರು.

ವಸಂತಿ ಫೋನ್ ಹಿಡಿದಳು. ಫೋನಿನಿಂದ ಆ ಗಟ್ಟಿ ದನಿ ಬಂತು. ಇಡೀ ಬೀದಿಗೆ ಕೇಳಿಸುತ್ತಿದ್ದ ದನಿ. ಚಿಕ್ಕಪ್ಪನ ಅರ್ಧ ಮುಖ ನಕ್ಕಿತು. ಹೊಸ ಷರಟು ನೋಡಿ ನಕ್ಕರೋ, ತಮ್ಮ ದನಿ ಕೇಳಿ ನಕ್ಕರೋ ಗೊತ್ತಿಲ್ಲ. ಮುರುಗೇಶ ಬಾಗಿಲ ಕಡೆ ಮುಖ ತಿರುಗಿಸಿಕೊಂಡ.

ವಿಡಿಯೋದ ಕೊನೆಗೆ ಚಿಕ್ಕಪ್ಪ ಕೈ ಒರೆಸಿಕೊಂಡು ಹೇಳುತ್ತಾರೆ: “ಅಷ್ಟೇ. ಅವ್ವಳವುದಾನ್. ಬ್ಯಾರೆ ಏನೂ ಇಲ್ಲ.” ಅಷ್ಟೇ ಅನ್ನುವುದನ್ನು ಕನ್ನಡದಲ್ಲೂ ತಮಿಳಿನಲ್ಲೂ ಹೇಳಿ ಖಚಿತ ಮಾಡುತ್ತಾರೆ.

ಆ ಮಾತು ಬಂದದ್ದೇ ತಡ, ಮಂಚದ ಮೇಲಿದ್ದ ಚಿಕ್ಕಪ್ಪ ಎಡಗೈಯಿಂದ ಫೋನಿಗೆ ಫಟ್ ಅಂತ ಹೊಡೆದರು. ಗಂಟಲಿನಿಂದ ಏನೋ ಸದ್ದು ಬಂತು.

“ನಾ ಏಳಿಲ್ವಾ!” ಅಂತ ಮುರುಗೇಶ ಓಡಿ ಬಂದು ಫೋನ್ ಕಿತ್ತುಕೊಳ್ಳಲು ಹೋದ. ಚಿಕ್ಕಪ್ಪ ಬಿಡಲಿಲ್ಲ. ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ವಸಂತಿ ವಿಡಿಯೋ ಹಿಂದಕ್ಕೆ ಎಳೆದು ಮತ್ತೆ ಹಾಕಿದಳು. ಸುಮ್ಮನೆ ನೋಡಿದರು. ‘ಅಷ್ಟೇ’ ಬಂತು. ಮತ್ತೆ ಫಟ್!

ಆಗ ವಸಂತಿ ಕೇಳಿದಳು, ಬಹಳ ಮೆಲ್ಲಗೆ. “ಮಾವ... ಅಷ್ಟೇ ಅಲ್ಲ, ಇನ್ನೂ ಏನೋ ಐತಾ?”

ಚಿಕ್ಕಪ್ಪ ಕಣ್ಣು ಮುಚ್ಚಿದರು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ಆಮೇಲೆ ಕಣ್ಣು ತೆರೆದು ಎಡಗೈ ಎತ್ತಿ ಕೊಟ್ಟಿಗೆ ಕಡೆ ತೋರಿಸಿದರು.

* * *

ಕುರ್ಚಿ ಸಮೇತ ಎತ್ತಿಕೊಂಡು ಹೋದೆವು. ಬಣ್ಣದ ಡಬ್ಬಿಗಳಿದ್ದ ಹಲಗೆಯ ಮುಂದೆ ಕೂರಿಸಿದೆವು. ಮುರುಗೇಶ ಒಂದೊಂದೇ ಡಬ್ಬಿ ಎತ್ತಿ ತೋರಿಸಿದ. ಹಳದಿ? ಸುಮ್ಮನಿದ್ದರು. ನೀಲಿ? ಸುಮ್ಮನಿದ್ದರು. ಕರಿ ಎತ್ತಿದಾಗ ಮಗನನ್ನು ನೋಡಿದ ನೋಟ ಇತ್ತಲ್ಲ, ಅದಕ್ಕೆ ಯಾವ ಭಾಷೆಯೂ ಬೇಡ. ಬಾಯಿ ಬಂದಿದ್ದರೆ ಬೈಗುಳದ ಮಳೆ ಸುರಿಯುತ್ತಿತ್ತು.

ಕೊನೆಗೆ ಹಸಿರು ಎತ್ತಿದ. ಚಿಕ್ಕಪ್ಪ ಕುರ್ಚಿಯ ಕೈಗೆ ದಡ್ ದಡ್ ಎಂದು ಹೊಡೆದರು.

“ಪಚ್ಚೆಯಾ?” ಮುರುಗೇಶ ಬೆಪ್ಪಾದ. “ಕೆಂಪಿಗೆ ಪಚ್ಚೆಯಾ ಅಪ್ಪಾ?”

ಅದೇ. ಚಿಕ್ಕಪ್ಪ ಎಡಗೈಯಲ್ಲಿ ಚಮಚ ಹಿಡಿದರು. ಕೆಂಪು ಪುಡಿಯನ್ನು ಬಟ್ಟಲಿಗೆ ಹಾಕಿದರು. ಅರ್ಧ ಕೆಳಗೆ ಚೆಲ್ಲಿತು. ಮುರುಗೇಶ ಸಹಾಯಕ್ಕೆ ಕೈ ಚಾಚಿದರೆ ತಳ್ಳಿಬಿಟ್ಟರು. ಆಮೇಲೆ ಹಸಿರು. ಚಮಚದ ತುದಿಗೆ ಅಂಟಿದಷ್ಟೇ. ಕಲಸಿದರು, ಬಿಸಿಲಿಗೆ ಹಿಡಿದು ನೋಡಿದರು, ಇನ್ನೊಂದು ಚೂರು ಹಾಕಿದರು. ವಸಂತಿ ಒಂದು ಕೈಯಲ್ಲಿ ಫೋನ್ ಹಿಡಿದು ಎಲ್ಲ ತೆಗೆದುಕೊಳ್ಳುತ್ತಾ, ಇನ್ನೊಂದು ಕೈಯಲ್ಲಿ ತಕ್ಕಡಿ ಎಳೆದುಕೊಂಡಳು. ‘ಚೂರು’ ಅಂದರೆ ಎಷ್ಟು ಎಂದು ಪಳನಿಗೆ ತೂಕದಲ್ಲಿ ತಿಳಿಯಬೇಕಲ್ಲ.

ಮುರುಗೇಶ ಇದ್ದಕ್ಕಿದ್ದಂತೆ ನಗಲು ಶುರು ಮಾಡಿದ.

“ಅಕ್ಕಾ, ಈಗ ಗೊತ್ತಾಯ್ತು! ಅಂಗ್ಡಿಯಿಂದ ಕೆಂಪು ಬಂದ ದಿನ ಅಪ್ಪ ನನ್ನ ಟೀ ತರಾಕೆ ಕಳಿಸ್ತಿದ್ದ. ಮನ್ಯಾಗೆ ಕಾಫಿ ಇದ್ರೂ ಟೀನೇ ಬೇಕು, ಅದೂ ಬಸ್ ಸ್ಟ್ಯಾಂಡ್ ಪಕ್ಕದ್ದೇ ಬೇಕು ಅಂತಿದ್ದ. ನಾ ಬರಾದ್ರೊಳಗೆ ಕಲ್ಸಿ ಅದೇ ಕೆಂಪು ಡಬ್ಬಿಗೆ ತುಂಬಿಡ್ತಿದ್ದ!”

ಅಂದರೆ ವಿಡಿಯೋದಲ್ಲಿ ಚಿಕ್ಕಪ್ಪ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಅವರ ಕೆಂಪು ಡಬ್ಬಿಯಲ್ಲಿದ್ದದ್ದು ಬರೀ ಕೆಂಪಲ್ಲ, ಅಷ್ಟೇ. ಆ ಡಬ್ಬಿ ಖಾಲಿಯಾಯಿತು. ಅಂಗಡಿಯಿಂದ ಹೊಸ ಕೆಂಪು ಬಂತು. ಟೊಮೆಟೊ ಆಯಿತು.

ಮಗ ನಗುವುದನ್ನು ನೋಡಿ ಅಪ್ಪನೂ ಅರ್ಧ ಬಾಯಲ್ಲಿ ನಕ್ಕರು. ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು ಎಂದು ವಸಂತಿ ಆಮೇಲೆ ಹೇಳಿದಳು.

ಸಂಜೆಗೆ ಲಡಿ ಹಂಡೆಯಿಂದ ಮೇಲೆ ಬಂತು. ನಾನು ತಂದ ಸೀರೆಯನ್ನು ಪಕ್ಕಕ್ಕಿಟ್ಟೆವು. ಅರಕ್ಕು!

ಆದರೆ ಆ ದಿನ ನನಗೆ ನೆನಪಿರುವುದು ಆ ಲಡಿಯಿಂದ ಅಲ್ಲ, ಅದರ ನಂತರ ನಡೆದದ್ದರಿಂದ. ವಸಂತಿ ಹೊಸ ವಿಡಿಯೋವನ್ನು ಕ್ಲೌಡಿಗೆ ಹಾಕುವ ಮೊದಲು ಫೋನ್ ಹಿಡಿದುಕೊಂಡು ಮಾವನ ಮುಂದೆ ಬಂದು ನಿಂತಳು. ಪಳನಿ ಕಾಯುತ್ತಿದ್ದ. ಸಂಘದ ಆರ್ಡರ್. ಕೇಳದೆ ಹಾಕಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಕೇಳಿದಳು.

“ಮಾವ, ಇದು ನಿಮ್ದು. ಇದನ್ನ ಯಾರ್ಯಾರು ನೋಡ್ಬೋದು? ಮನೆಯವ್ರು ಮಾತ್ರಾನಾ?”

ಚಿಕ್ಕಪ್ಪ ಅಲುಗಾಡಲಿಲ್ಲ.

“ಪಳನಿ ಅಣ್ಣ?”

ಆಗಲೂ ಇಲ್ಲ. ಜೀವಮಾನವಿಡೀ ಮಗನಿಂದಲೂ ಮುಚ್ಚಿಟ್ಟಿದ್ದು. ಇದನ್ನು ಕೊಟ್ಟರೆ ಮುಗಿಯಿತು. ಮತ್ತೆ ವಾಪಸ್ಸು ಪಡೆಯಲು ಬರುವುದಿಲ್ಲ.

ಚಿಕ್ಕಪ್ಪ ಎಡಗೈಯನ್ನು ಮುಂದಕ್ಕೆ ಚಾಚಿದರು. ಗಾಳಿಯಲ್ಲಿ ಒಂದು ದೊಡ್ಡ ಸುತ್ತು ಬರೆದರು. ಎಷ್ಟು ದೊಡ್ಡದೆಂದರೆ ಕುರ್ಚಿಯಿಂದ ವಾಲಿಬಿಟ್ಟರು, ಮುರುಗೇಶ ಹಿಡಿದುಕೊಳ್ಳಬೇಕಾಯಿತು.

“ಸಂಘದ ಎಲ್ಲಾರಿಗೂನಾ ಮಾವ?”

ಈ ಸಲ ತಲೆಯಾಡಿಸಿದ್ದು ಹೌದೋ ಅಲ್ಲವೋ ಎಂದು ಯಾರಿಗೂ ಅನುಮಾನ ಬರಲಿಲ್ಲ.

* * *

ಮರುದಿನವೇ ಪಳನಿ ಕಡಯಂಪಟ್ಟಿಯಿಂದ ಬಸ್ಸಿನಲ್ಲಿ ಬಂದ. ಚೀಲದಿಂದ ಅವನ ಲಡಿ ತೆಗೆದು ನಮ್ಮ ಲಡಿಯ ಪಕ್ಕ ಬಿಸಿಲಿಗೆ ಹಿಡಿದ. ಯಾವುದು ಯಾರದ್ದು ಎಂದು ಅವನಿಗೇ ಗೊತ್ತಾಗದೆ, ತಾನು ಗುರುತಿಗೆ ಹಾಕಿದ್ದ ಗಂಟು ಹುಡುಕಿದ. ಆಮೇಲೆ ಚಿಕ್ಕಪ್ಪನ ಕಾಲು ಮುಟ್ಟಿದ.

“ಚೌಡಪ್ಪಣ್ಣ, ನನ್ನ ವಿಡಿಯೋನಾಗೂ ಒಂದು ಬಿಟ್ಟಿದೀನಿ” ಅಂದ, ನೆಲ ನೋಡಿಕೊಂಡು. “ಮಾಂಬಳದ ಹಳದಿ, ಮಾವಿನಣ್ಣಿನ ಬಣ್ಣ ಐತಲ್ಲ, ಅದ್ರಾಗೆ. ಸಾಯಂಕಾಲ ವಸಂತಿ ಬಂದ್ರೆ ಪೂರಾ ಏಳ್ತೀನಿ.”

ಸುದ್ದಿ ಹಬ್ಬಿತು. ಅಂಚಿನ ಡಿಸೈನಿನವರು ಒಬ್ಬರು ಬಂದರು. ಮಗ್ಗ ರಿಪೇರಿಯವರು ಬಂದರು. ‘ನಮ್ಮದ್ರಾಗೂ ಸ್ವಲ್ಪ ಬಿಟ್ಟೋಗೈತೆ, ಮರೆತಿದ್ವಿ’ ಎಂದು ಪಾಪ, ಎಲ್ಲರೂ ಮರೆವಿನ ಮೇಲೆ ಹಾಕಿದರು. ವಸಂತಿ ಯಾರನ್ನೂ ಕೆದಕಲಿಲ್ಲ. ಕ್ಲೌಡಿನಲ್ಲಿ ಹೊಸದೊಂದು ಫೋಲ್ಡರ್ ತೆರೆದಳು. ತಮಿಳಿನಲ್ಲಿ ಹೆಸರಿಟ್ಟಳು: ‘ವಿಟ್ಟದು’. ಬಿಟ್ಟಿದ್ದು ಅಂತ. ಈಗ ಸಂಘದಲ್ಲಿ ಜನ ಮೊದಲು ತೆರೆದು ನೋಡುವುದು ಅದನ್ನೇ ಅಂತೆ!

ಸೀರೆಗಳು ಮೈಸೂರಿಗೆ ಬಂದವು. ಬೆಳ್ಳಿಹಬ್ಬದ ದಿನ ನಾನೂ ಹೋಗಿದ್ದೆ. ಹೆಂಗಸರೆಲ್ಲ ವೇದಿಕೆ ಮೇಲೆ ಸಾಲಾಗಿ ನಿಂತಾಗ ಮೊದಲ ಕಂತು ಯಾವುದು, ಎರಡನೇ ಕಂತು ಯಾವುದು ಎಂದು ಕಣ್ಣು ಕಿರಿದು ಮಾಡಿ ಹುಡುಕಿದೆ. ಸಿಗಲಿಲ್ಲ. ಫೋಟೋ ತೆಗೆದು ವಸಂತಿಗೆ ಕಳಿಸಿದೆ. ಅವಳು ಅದನ್ನು ಮಾವನಿಗೆ ತೋರಿಸಿದಳಂತೆ. ಚಿಕ್ಕಪ್ಪ ಈಗ ದಿನಾ ಕೊಟ್ಟಿಗೆಯಲ್ಲಿ ಕೂರುತ್ತಾರೆ. ಒಂದೆರಡು ಮಾತು ಮರಳಿವೆ. ಅದರಲ್ಲಿ ಒಂದು ‘ಆಕು’, ಹಾಕು ಅಂತ. ಇನ್ನೊಂದನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವ ಹಾಗಿಲ್ಲ. ಮುರುಗೇಶ ಕರಿ ಡಬ್ಬಿ ಮುಟ್ಟಿದಾಗ ಮಾತ್ರ ಬರುತ್ತದೆ.

ಜಗಲಿಯ ಮೇಲೆ ಜನ? ಮೊದಲಿಗಿಂತ ಜಾಸ್ತಿ. ವಿಡಿಯೋ ನೋಡಿದವರು, ಬಣ್ಣ ಹಾಕಿದವರು, ಲಡಿ ಹಿಡಿದುಕೊಂಡು ‘ಸರಿ ಬಂದೈತಾ ನೋಡಿ’ ಎಂದು ಬರುತ್ತಾರೆ. ಚಿಕ್ಕಪ್ಪ ಬಿಸಿಲಿಗೆ ಹಿಡಿದು ನೋಡಿ ತಲೆಯಾಡಿಸುತ್ತಾರೆ.

ನಾನು ಕಂಪ್ಯೂಟರ್ ಬಲ್ಲವಳಲ್ಲ. ಕ್ಲೌಡ್ ಅಂದರೆ ಯಾವ ದೇಶದ ಯಾವ ಕಟ್ಟಡದಲ್ಲಿರುವ ಯಾವ ಯಂತ್ರವೋ ನನಗೆ ತಿಳಿಯದು. ಕಡಯಂಪಟ್ಟಿಯಲ್ಲಿ ಒಬ್ಬ ಒತ್ತಿದರೆ ಸೇಲಂನ ನಮ್ಮ ಹಿತ್ತಲಿನ ಹಂಡೆ ಕಾಣುತ್ತದಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ಆ ಯಂತ್ರಕ್ಕಿಂತ ಒಂದು ಹಿಡಿ ಹೆಚ್ಚಾಗಿ, ಫೋನ್ ಹಿಡಿದುಕೊಂಡು ‘ಇದು ನಿಮ್ದು, ಯಾರ್ಯಾರು ನೋಡ್ಬೋದು?’ ಎಂದು ಕೇಳಿದ ಆ ಹೆಣ್ಣುಮಗಳಿಗೆ ಮುಗಿಯುತ್ತೇನೆ.

ಇಷ್ಟಾದ ಮೇಲೆ ನನಗೆ ಉಳಿದಿರುವ ಪ್ರಶ್ನೆ ಒಂದೇ: ಬಾಯಿ ಗಟ್ಟಿಯಾಗಿರುವಾಗಲೇ ಹೇಳಿಬಿಡಲು ನಮಗೆಲ್ಲ ಏನು ಕಷ್ಟ?